ಪಾರ್ಕಿನ ಗೇಟಿಗೆ ನೆಟ್ಟ ಕಂಬಗಳು

ಪೋಲಿಯೊದಿಂದ ಕಾಲು ಸೋತಿದ್ದ ಟೈಲರ್ ಮಮತ, ದೇವನಹಳ್ಳಿಯ ಹೊರಗಿನ ಪಾರ್ಕಿನ ದಾರಿಗಳನ್ನೆಲ್ಲ ತನ್ನ ಮೂರು ಚಕ್ರದ ಸ್ಕೂಟರಿನಲ್ಲೇ ಸುತ್ತಿ ಕಂಡುಕೊಂಡಿದ್ದಳು. ನವಿಲು ಇಳಿಯುವ ಬಂಡೆಯನ್ನು ಗೆಳತಿ ಜ್ಯೋತಿಲಕ್ಷ್ಮಿಗೆ ತೋರಿಸಿದವಳೂ ಅವಳೇ. ಆಮೇಲೆ ಜ್ಯೋತಿ ವಾಕಿಂಗ್ ಸಂಘ ಕಟ್ಟಿ, ಅದೇ ದಾರಿಗಳಲ್ಲಿ ಜನರನ್ನು ಕರೆದೊಯ್ಯತೊಡಗಿದಳು.

ಒಂದು ಭಾನುವಾರ ಮಮತ ಹೋದಾಗ ಗೇಟಿನಲ್ಲಿ ಒತ್ತೊತ್ತಾಗಿ ಕಬ್ಬಿಣದ ಕಂಬಗಳನ್ನು ನೆಟ್ಟಿದ್ದರು. ಸ್ಕೂಟರ್ ಒಳಗೆ ಹೋಗಲಿಲ್ಲ. ಕಂಬಗಳಾಚೆ ಸಂಘದವರ ಜೊತೆ ನಿಂತಿದ್ದ ಜ್ಯೋತಿಯನ್ನು ಅವಳು ಕರೆದು ಕೇಳಿದಳು.

“ಯಾರೇ ಇದನ್ನ ಹಾಕ್ಸಿದ್ದು?”

“ನಾವೇ ಕಣೆ. ಬೈಕ್ ಹುಡುಗ್ರ ಕಾಟ ತಡೀಲಾರ್ದೆ ಪುರಸಭೆಯವ್ರಿಗೆ ಹೇಳಿ ಹಾಕ್ಸಿದ್ವಿ,” ಎಂದ ಜ್ಯೋತಿ ದನಿ ತಗ್ಗಿಸಿದಳು. “ನಿನ್ನ ಗಾಡಿ ನೆನಪಿಗೇ ಬರ್ಲಿಲ್ಲ.”

“ಈ ದಾರಿ ತೋರ್ಸಿದ್ದು ಯಾರು ಅನ್ನೋದೂ ಮರ್ತ್ಯಾ?”

ಜ್ಯೋತಿ ಸಂಘದವರ ಹಿಂದೆ ನಡೆದಳು.

ಮುಂದೆ ಮಮತಳೇ ಪುರಸಭೆಯವರ ಜೊತೆ ಹೋರಾಡಿ ಒಂದು ಕಂಬ ಕೀಳಿಸಿದಳು. ಈಗಲೂ ಪಾರ್ಕು ಸುತ್ತುತ್ತಾಳೆ. ಜ್ಯೋತಿ ಎದುರಾದರೆ ಹಾರ್ನ್ ಹೊಡೆದು, ನಿಲ್ಲಿಸದೆ ಹೋಗುತ್ತಾಳೆ.