ನಿನ್ನೆಯ ಪೇಪರಿನ ಆಚಾರ್ರು

ಹೋದ ತಿಂಗಳು ಒಂದು ಶುಕ್ರವಾರ ದೇವರ ಬೆಳ್ಳಿ ದೀಪಗಳನ್ನು ತೊಳೆಯೋಣವೆಂದು ಅಂಟುವಾಳಕಾಯಿ ನೆನೆಹಾಕಿ, ಆ ನೀರನ್ನು ಒಲೆಯ ಮೇಲಿಟ್ಟಿದ್ದೆ. ನೊರೆ ಏಳುವ ಹೊತ್ತಿಗೆ ಮನೆಯೆಲ್ಲ ಆ ಮೂಗಿಗೆ ಹತ್ತುವ ಘಾಟು ವಾಸನೆ... ಸೊಸೆ ಬಂದು, "ಏನತ್ತೆ ಇದು, ಪೌಡರ್ ತಂದಿಟ್ಟಿದ್ದೀನಲ್ಲ" ಎಂದಳು. ನನ್ನ ಮನಸ್ಸು ಆಗಲೇ ಗೋಡೆ ದಾಟಿ ಪಕ್ಕದ ಮನೆಯ ಆಚಾರ್ರ ಅಗ್ಗಿಷ್ಟಿಕೆಯ ಮುಂದೆ ಕೂತುಬಿಟ್ಟಿತ್ತು. ಒಡವೆ ತೊಳೆಯಲು ಅವರು ದಿನಾ ಇದೇ ಅಂಟುವಾಳದ ನೀರು ಕುದಿಸುತ್ತಿದ್ದರು.

ಕೆ.ಆರ್. ಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅಕ್ಕಸಾಲಿ ಕೆಲಸ ಅವರದು. ಮುಂದಿನ ಕೋಣೆಯೇ ಅಂಗಡಿ. ದೊಡ್ಡ ದೊಡ್ಡ ಒಡವೆ ಅಂಗಡಿಗಳು ಬಂದಮೇಲೆ ಹೊಸದು ಮಾಡಿಸುವವರು ಕಡಿಮೆಯಾಗಿದ್ದರು. ಓಲೆಯ ತಿರುಪು, ಕಾಲುಂಗುರ, ಮುರಿದ ಸರ, ಇಂಥವೇ ಬರುತ್ತಿದ್ದವು. ಆದರೆ ನಮ್ಮ ಬೀದಿಯಲ್ಲಿ ಅವರು ಹೆಸರಾಗಿದ್ದುದು ಒಡವೆಯಿಂದಲ್ಲ, ಪೇಪರಿನಿಂದ.

ಪ್ರತಿದಿನ ಬೆಳಿಗ್ಗೆ ಪೇಪರು ಬಂದ ತಕ್ಷಣ ಮಡಿಕೆ ಬಿಚ್ಚದೆ ಒಯ್ದು ಕಾಳಿಕಾಂಬೆಯ ಪಟದ ಮುಂದೆ ಇಡುವುದು, ಅಲ್ಲಿ ನಿನ್ನೆಯಿಂದ ಕೂತಿದ್ದ ಪೇಪರನ್ನು ತೆಗೆದುಕೊಂಡು ಬಂದು ಜಗಲಿಯ ಮೇಲೆ ಓದುವುದು. ವರ್ಷದ ಮುನ್ನೂರರವತ್ತೈದು ದಿನವೂ ಒಂದು ದಿನ ಹಳೆಯ ಸುದ್ದಿ! ಎಲೆಕ್ಷನ್ ರಿಸಲ್ಟು ಬಂದು ಊರೆಲ್ಲ ಪಟಾಕಿ ಹೊಡೆದು, ಗುಡಿಸಿ ಹಾಕಿದ ಮೇಲೆ ಇವರು, "ಓಹೋ, ಇವ್ರು ಗೆದ್ದವ್ರಾ" ಎನ್ನುತ್ತಿದ್ದರು. ನಮ್ಮ ಯಜಮಾನರಂತೂ, "ಆಚಾರ್ರೇ, ಇವತ್ತು ನಿಮಗೆ ನಿನ್ನೆಯೋ ಮೊನ್ನೆಯೋ?" ಎಂದು ಕಾಲೆಳೆಯದೆ ಆಫೀಸಿಗೆ ಹೊರಟ ದಿನವೇ ಇಲ್ಲ.

ನಾನು ಒಮ್ಮೆ ಕೇಳಿಯೇಬಿಟ್ಟೆ. ಅವರು ಇಕ್ಕಳ ಕೆಳಗಿಟ್ಟು ಹೇಳಿದರು: "ಕಾದಾಗ ಚಿನ್ನಾನೂ ಕೆಂಪು, ತಾಮ್ರಾನೂ ಕೆಂಪು ಕಣವ್ವ. ಆರ್ಲಿ ಬುಡಿ, ಆಮೇಲೆ ಗೊತ್ತಾಯ್ತದೆ."

"ಅದು ಸರಿ, ದೇವರ ಮುಂದೆ ಯಾಕೆ ಇಡ್ತೀರಿ?"

"ಜನುಗಳ ಕಷ್ಟನೆಲ್ಲ ಒತ್ಕೊಂಡು ಬತ್ತದೆ. ಮೊದ್ಲು ಅಮ್ಮ ನೋಡ್ಲಿ. ಒಂದಿನ ಅವಳ ಮುಂದಿದ್ದದ್ದ ಕೈಗೆ ತಗಂಡ್ರೆ ಬಾಯ್ಗೆ ಬಂದಂಗೆ ಮಾತಾಡಕೆ ಬಾಯಿ ಬರಕಿಲ್ಲ."

ಅವರು ಓದುವ ರೀತಿಯೂ ಹಾಗೇ ಇತ್ತು. ಎಲ್ಲೋ ಬಸ್ಸು ಉರುಳಿ ಸತ್ತವರ ಸುದ್ದಿ ಬಂದರೆ ಕನ್ನಡಕ ತೆಗೆದು, "ತಾಯೀ, ನೋಡ್ಕೊ" ಎಂದು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಸತ್ತವರು ಯಾವ ಜಾತಿ, ಯಾವ ದೇಶ ಎಂದು ನೋಡುತ್ತಿರಲಿಲ್ಲ. ಕಳ್ಳತನದ ಸುದ್ದಿ ಓದಿ ಹೇಳುವಾಗ ಸಿಕ್ಕಿಬಿದ್ದವನ ಹೆಸರನ್ನು ಮಾತ್ರ ನುಂಗಿಬಿಡುತ್ತಿದ್ದರು. ಯಾಕೆಂದರೆ, "ಆರೋಪಿ ಅಂತ ಬರ್ದವ್ರೆ. ಅಂದ್ರೆ ಇನ್ನೂ ಒರೆಗೆ ಹಚ್ಚಿಲ್ಲ ಅಂತ" ಎನ್ನುವರು. ನನಗೆ ಇದೆಲ್ಲ ಮುದುಕರ ಮಡಿ ಅನ್ನಿಸುತ್ತಿತ್ತು. ನಾನು ಹೈಸ್ಕೂಲಿನ ಕನ್ನಡ ಟೀಚರು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ವರ್ಷವರ್ಷವೂ ವಿಸ್ತರಿಸಿ ಹೇಳಿಕೊಟ್ಟು, ಮಕ್ಕಳ ಉತ್ತರಕ್ಕೆ ಅಂಕ ಹಾಕಿದವಳು. ನನಗೆ ಯಾರು ಏನು ಹೇಳಿಕೊಡಬೇಕು ಹೇಳಿ!

ಈಗ ನನ್ನ ಮಾನ ಹೋಗುವ ಭಾಗಕ್ಕೆ ಬರುತ್ತೇನೆ.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ಹೊಸಹೊಳಲು ದಾಟಿ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಊರಿದೆ, ಹೆಸರು ಬೇಡ. ಅಲ್ಲಿಯ ಅಮ್ಮನ ಬೆಳ್ಳಿ ಮುಖವಾಡ ಗದ್ದದ ಹತ್ತಿರ ಬಿರುಕು ಬಿಟ್ಟಿತ್ತು. ಊರವರು ಅದನ್ನು ರಿಪೇರಿಗೆ ಕೊಟ್ಟಿದ್ದು ನಮ್ಮ ಆಚಾರ್ರಿಗಲ್ಲ, ಪಕ್ಕದ ಬೀದಿಯ ಇನ್ನೊಬ್ಬ ಅಕ್ಕಸಾಲಿಗೆ. ಅವನು ಹಿಂದೆ ಆಚಾರ್ರ ಹತ್ತಿರವೇ ಕೆಲಸ ಕಲಿತವನು. ಒಂದು ದಿನ ಹೇಳದೆ ಕೇಳದೆ ಬಿಟ್ಟುಹೋಗಿ ಸ್ವಂತ ಅಂಗಡಿ ಇಟ್ಟ. ಆಚಾರ್ರ ಗಿರಾಕಿಗಳಲ್ಲಿ ಅರ್ಧ ಜನ ಅವನ ಹಿಂದೆ ಹೋದರು. ಅಲ್ಲಿಂದ ಇವರಿಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಮುಖವಾಡ ತಿರುಗಿ ಬಂದಾಗ ಊರವರು ತೂಗಿದರು. ಕೊಡುವಾಗ ಇದ್ದುದಕ್ಕಿಂತ ತೂಕ ಕಮ್ಮಿ. ಅಷ್ಟೇ ಸಾಕಾಯಿತು. ಯಾರೋ ಫೋನಿನಲ್ಲಿ ವಿಡಿಯೋ ಮಾಡಿದರು: ಮೊದಲು ತಕ್ಕಡಿ, ಆಮೇಲೆ ಆ ಅಕ್ಕಸಾಲಿಯ ಅಂಗಡಿ, ಆಮೇಲೆ ಅವನ ಮುಖ. ಸುತ್ತ ಜನ ಕೂಗುತ್ತಿದ್ದಾರೆ, ಅವನು ಏನೋ ಹೇಳಲು ಬಾಯಿ ತೆರೆಯುತ್ತಾನೆ, ವಿಡಿಯೋ ಅಲ್ಲಿಗೆ ಮುಗಿಯುತ್ತದೆ. ಕೆಳಗೆ, 'ಅಮ್ಮನ ಬೆಳ್ಳಿ ನುಂಗಿದ ಕಳ್ಳ' ಎಂದು ಬರೆದಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ದೇವರ ವಸ್ತು! 'ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ' ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ ಅಂದುಕೊಂಡೆ. ಅವನು ಬಾಯಿ ತೆರೆದಲ್ಲಿಗೆ ವಿಡಿಯೋ ಯಾಕೆ ನಿಂತಿತು ಎಂದು ಈ ಕನ್ನಡ ಟೀಚರಿಗೆ ಹೊಳೆಯಲಿಲ್ಲ.

ಫೋನು ಹಿಡಿದುಕೊಂಡು ಆಚಾರ್ರ ಹತ್ತಿರ ಓಡಿದೆ. ಅವರು ನೋಡಿದರು. ಮುಖ ಸ್ವಲ್ಪ ಬಿಗಿಯಾಯಿತು. "ನಾಳೆ ನೋಡಾನ ಬುಡಿ" ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು. ನನಗೆ ರೇಗಿತು. ಇಂಥದ್ದಕ್ಕೂ ನಾಳೆಯೇ? ಮನೆಗೆ ಬಂದವಳೇ ನಮ್ಮ ಶುಕ್ರವಾರದ ಭಜನೆಯ ಗುಂಪಿಗೆ ವಿಡಿಯೋ ಕಳಿಸಿದೆ. ಕಳಿಸಿ ಸುಮ್ಮನಿದ್ದೆನೇ? ಕೆಳಗೆ ನನ್ನದೊಂದು ಸಾಲು ಸೇರಿಸಿದೆ: 'ನಮ್ಮ ಪಕ್ಕದ ಮನೆ ಆಚಾರ್ರೂ ನೋಡಿದರು. ಹೌದು, ಬೆಳ್ಳಿ ತೆಗೆದಿದ್ದಾನೆ ಅಂದರು.'

ಅವರು ಹಾಗೆ ಅಂದಿರಲಿಲ್ಲ. ನಾನು ಬರೆದೆ. ಮಾತಿಗೆ ತೂಕ ಬರಲಿ ಎಂದು ಬರೆದೆ. ಬೇರೆ ಯಾವ ನೆಪವೂ ನನ್ನಲ್ಲಿಲ್ಲ.

ತೂಕವೇನೋ ಬಂತು. ವಿಡಿಯೋ ನಂಬದವರೂ ಆ ಒಂದು ಸಾಲನ್ನು ನಂಬಿದರು. ಕಲಿಸಿದ ಗುರುವೇ ಹೇಳಿದಮೇಲೆ ಇನ್ನೇನು? ಎರಡೇ ದಿನದಲ್ಲಿ ಆ ಅಕ್ಕಸಾಲಿಯ ಅಂಗಡಿಯ ಬಾಗಿಲಿಗೆ ಯಾರೋ ಸಗಣಿ ಎರಚಿದರು. ಅವನು ಮನೆಯೊಳಗೆ ಸೇರಿ ಚಿಲಕ ಹಾಕಿಕೊಂಡ. ಅವನ ಮಗಳು ನನ್ನ ಎಂಟನೇ ಕ್ಲಾಸಿನಲ್ಲೇ ಇದ್ದಳು, ಎರಡನೇ ಬೆಂಚು. ಅವಳು ಸ್ಕೂಲಿಗೆ ಬರಲಿಲ್ಲ. ಹಾಜರಿ ಕೂಗುವಾಗ ಅವಳ ಹೆಸರಿನ ಮುಂದೆ ಗೈರು ಎಂದು ಗುರುತು ಹಾಕಿ, ನಾನು ಮುಂದಿನ ಹೆಸರು ಕೂಗಿದೆ.

ಮೂರನೆಯ ದಿನ ಸಂಜೆ ಆಚಾರ್ರು ನಮ್ಮ ಮನೆಗೆ ಬಂದರು. ಅಷ್ಟು ವರ್ಷದಲ್ಲಿ ಅವರು ನಮ್ಮ ಹೊಸ್ತಿಲು ದಾಟಿದ್ದು ಹಬ್ಬಕ್ಕೆ ಬಿಟ್ಟರೆ ಅದೇ ಮೊದಲು. ಕೂರಲಿಲ್ಲ.

"ನಾ ಯೋಳ್ದೆ ಇರೋ ಮಾತ ನನ್ ಬಾಯ್ಗೆ ತುರುಕ್ಬುಟ್ರಲ್ಲ ಟೀಚರಮ್ಮ."

ನಾನು ಏನೇನೋ ತಡವರಿಸಿದೆ. "ನಿಮಗೂ ಅವನನ್ನು ಕಂಡರೆ ಆಗಲ್ಲವಲ್ಲ ಆಚಾರ್ರೇ, ಅದಕ್ಕೇ..." ಎಂದೆ. ನೋಡಿ, ಬಾಯಿ ಹೇಗೆ ಇನ್ನಷ್ಟು ಗುಂಡಿ ತೋಡುತ್ತದೆ!

"ಊ, ಆಗಕಿಲ್ಲ. ವಿಡಿಯೋ ನೋಡ್ದಾಗ ಒಳಗೊಳ್ಗೆ ಖುಷೀನೂ ಆಯ್ತು. ಅದುಕ್ಕೇ ನಾಳೆ ಅಂದಿದ್ದು ನಾನು. ಯಾವ ಸುದ್ದಿ ನಮ್ಗೆ ಖುಷಿ ಕೊಡ್ತದೋ ಅದ್ನ ಎಲ್ಡು ಸತಿ ಒರೆಗೆ ಹಚ್ಬೇಕು." ಬಾಗಿಲ ಕಡೆ ತಿರುಗಿ, "ದೇವ್ರು ದಿಂಡ್ರು ಅಂತ ನಂಬ್ಕೊಂಡಿರೋರು ನಾವು. ಅಮ್ಮನ ಎಸ್ರು ಯೋಳ್ಕೊಂಡು ಸುಳ್ಳು ಬರುದ್ರೆ ಅವ್ಳು ನಮ್ಮನ್ನ ಕೇಳಕಿಲ್ವಾ? ಏಳಿ, ಹೋಗಾನ" ಎಂದರು.

ಅವರು ಬಾಗಿಲಲ್ಲಿ ನಿಂತೇ ಇದ್ದರು. ಕೊನೆಗೆ ಚಪ್ಪಲಿ ಮೆಟ್ಟಿದೆ.

ಪಕ್ಕದ ಬೀದಿಯಲ್ಲಿ ಅವನ ಮನೆಯ ಬಾಗಿಲು ತಟ್ಟಿದರು. ಒಳಗಿಂದ ಸದ್ದಿಲ್ಲ. "ತೆಗಿಯೋ, ನಾನು ಕಣ್ಲಾ" ಎಂದರು. ಎಷ್ಟೋ ವರ್ಷದ ಮೇಲೆ ಅವನಿಗೆ ಆಡಿದ ಮೊದಲ ಮಾತು ಅದು. ಬಾಗಿಲು ತೆರೆಯಿತು. ಅವನ ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ತಲೆ ತಗ್ಗಿಸಿದ, ತಗ್ಗಿಸಬೇಕಾಗಿದ್ದವಳು ನಾನು. ಆಚಾರ್ರು ಕೇಳಿದ್ದು ಒಂದೇ ಮಾತು: "ಅರಗು ಎಲ್ಲಿಟ್ಟಿದ್ದೀಯ?"

ಅವನು ದೇವರ ಗೂಡಿನಿಂದ ಒಂದು ಹಳದಿ ಬಟ್ಟೆಯ ಗಂಟು ತಂದ. ಆಗ ನನಗೆ ವಿಷಯ ತಿಳಿಯಿತು. ಮುಖವಾಡವೆಂದರೆ ತೆಳು ಬೆಳ್ಳಿಯ ತಗಡು. ನಜ್ಜುಗುಜ್ಜಾಗಬಾರದೆಂದು ಹಿಂದಿನ ಹಳ್ಳಕ್ಕೆಲ್ಲ ಅರಗು ತುಂಬಿರುತ್ತಾರೆ. ಬಿರುಕು ಬೆಸೆಯಬೇಕಾದರೆ ಕಾಯಿಸಬೇಕು, ಕಾಯಿಸಬೇಕಾದರೆ ಹಳೆಯ ಅರಗನ್ನು ಎಬ್ಬಿಸಿ ತೆಗೆಯಬೇಕು. ಅವನು ತೆಗೆದು, ಹೊಸ ಅರಗನ್ನು ತೆಳುವಾಗಿ ತುಂಬಿದ್ದ. ಊರವರು ಕೊಡುವಾಗ ತೂಗಿದ್ದು ಬೆಳ್ಳಿಯ ಜೊತೆಗೆ ತಲೆಮಾರುಗಳಷ್ಟು ಹಳೆಯ ಅರಗನ್ನೂ. ದೇವರ ವಸ್ತುವಿನಿಂದ ತೆಗೆದದ್ದನ್ನು ಅಕ್ಕಸಾಲಿಗಳು ಕಸಕ್ಕೆ ಹಾಕುವುದಿಲ್ಲವಂತೆ, ಹೊಳೆಗೆ ಬಿಡುತ್ತಾರಂತೆ. ಅಮಾವಾಸ್ಯೆಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಗೆ ಬಿಡೋಣವೆಂದು ಅವನು ಕಟ್ಟಿಟ್ಟಿದ್ದ.

"ಇದ್ನೇ ಯೋಳಕೆ ಬಾಯ್ ತೆಗ್ದೆ. ಯಾರೂ ಕೇಳ್ಲಿಲ್ಲ" ಎಂದ. ಆಮೇಲೆ ಗಂಡಸು, ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

ಮಾರನೆಯ ದಿನ ಭಾನುವಾರ. ಮೂವರೂ ಒಂದೇ ಆಟೋದಲ್ಲಿ ಆ ಊರಿಗೆ ಹೋದೆವು. ಗುಡಿಯ ಮುಂದೆ ಜನ ಸೇರಿದರು. ಕಿರಾಣಿ ಅಂಗಡಿಯ ತಕ್ಕಡಿ ತರಿಸಿ ಆಚಾರ್ರು ಮೊದಲು ಮುಖವಾಡ ಇಟ್ಟರು. ಅದೇ ಕಮ್ಮಿ ತೂಕ. ಆಮೇಲೆ ಒಳಗಿನ ಹೊಸ ಅರಗನ್ನು ಬಿಸಿ ಮಾಡಿ ಎಬ್ಬಿಸಿ ಪಕ್ಕಕ್ಕಿಟ್ಟು, ಬರೀ ಬೆಳ್ಳಿಯ ಜೊತೆಗೆ ಗಂಟಿನ ಅರಗಿನ ಚೂರುಗಳನ್ನು ಒಂದೊಂದಾಗಿ ಇಡುತ್ತಾ ಹೋದರು. ಮೂಗಿನ ಹಳ್ಳದ ಚೂರು ಒಂದಿತ್ತು. ಅಮ್ಮನ ಮೂಗು, ಮೂಗುತಿಯ ಸಮೇತ ಅದರಲ್ಲಿ ಅಚ್ಚೊತ್ತಿತ್ತು. ಒಬ್ಬ ಅಜ್ಜ ಅದನ್ನು ಕಣ್ಣಿಗೊತ್ತಿಕೊಂಡು ತಾನೇ ತಕ್ಕಡಿಗೆ ಇಟ್ಟ. ಕೊನೆಯ ಚೂರು ಇಟ್ಟಾಗ ಹಳೆಯ ತೂಕಕ್ಕೆ ಸರಿಯಾಯಿತು.

ಆಚಾರ್ರು ನನ್ನ ಕಡೆ ತಿರುಗಿ, "ಈಗ ನೀವು" ಎಂದರು.

ಮೂವತ್ತು ವರ್ಷ ಕ್ಲಾಸಿನಲ್ಲಿ ಗಂಟಲು ಹರಿದುಕೊಂಡವಳಿಗೆ ಆ ದಿನ ಸ್ವರ ಹೊರಡಲಿಲ್ಲ. ಹೇಗೋ ಹೇಳಿದೆ: "ಇವರು ಹಾಗೆ ಅಂದಿರಲಿಲ್ಲ. ನಾನೇ ಸುಳ್ಳು ಬರೆದೆ." ಹಿಂದಿನಿಂದ ಯಾರೋ, "ಥೂ, ಮೇಷ್ಟ್ರಮ್ಮ ಆಗಿ!" ಎಂದರು. ಸರಿಯಾಗೇ ಅಂದರು.

ಅಲ್ಲಿಗೆ ಬಿಡಲಿಲ್ಲ ಆ ಮನುಷ್ಯ. ಗುಂಪಿಗೆ ಇನ್ನೊಂದು ಮೆಸೇಜು ಹಾಕಿದರೆ ಆಯಿತಲ್ಲ ಎಂದೆ. "ಹಾಕಿ. ಆಮೇಲೆ ಮನೆಮನೆಗೂ ಬನ್ನಿ. ಸುಳ್ಳು ಹೋದ್ ದಾರೀಲೇ ನಿಜಾನೂ ನಡ್ಕೊಂಡು ಹೋಗ್ಬೇಕು" ಎಂದರು. ಭಜನೆಯ ಗುಂಪಿನ ಒಬ್ಬೊಬ್ಬರ ಬಾಗಿಲಿಗೂ ಹೋದೆವು. ನಾನು ಹೇಳುವುದು, ಅವರು ಜಗಲಿಯಲ್ಲಿ ನಿಂತು ಕಾಯುವುದು. ಕೆಲವರು ಕಾಫಿ ಕೊಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬರಂತೂ, "ಬಿಡಿ, ಬೆಂಕಿಯಿಲ್ಲದೆ ಹೊಗೆಯಾಡತ್ತಾ?" ಎಂದರು. ಆ ಮಾತು ಕೇಳಿದ ಆಚಾರ್ರ ಮುಖ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಎಷ್ಟು ನಡೆದರೂ ಅವನ ಅಂಗಡಿಗೆ ಜನ ಮೊದಲಿನಂತೆ ಬರಲಿಲ್ಲ. ಆಚಾರ್ರು ಅವನನ್ನು ಕರೆದು ಮತ್ತೆ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಕೆಲವು ತಿಂಗಳು ಕೂತ. ಕಡೆಗೆ ಹೆಂಡತಿಯ ಊರಿನ ಹತ್ತಿರ, ಚಿನಕುರಳಿಯಲ್ಲಿ ಒಂದು ಸಣ್ಣ ಗೂಡಂಗಡಿ ಹಾಕಿಕೊಂಡು, ಮಕ್ಕಳ ಕಿವಿ ಚುಚ್ಚುವುದು, ಕಾಲುಚೈನಿನ ಗೆಜ್ಜೆ ಬೆಸೆಯುವುದು ಮಾಡಿಕೊಂಡು ಉಳಿದ. ಮುಖವಾಡ ಮಾಡಬಲ್ಲ ಕೈ ಅದು. ಅದನ್ನು ಕೆಡಿಸಿದ್ದರಲ್ಲಿ ನನ್ನದೂ ಪಾಲಿದೆ.

ಆಚಾರ್ರು ಹೋಗಿ ನಾಲ್ಕು ವರ್ಷವಾಯಿತು. ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ಈಗ ಅವರ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ.

ಅಂಟುವಾಳ ಕುದಿಸಿದ ಆ ಶುಕ್ರವಾರವೇ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಚಿನಕುರಳಿಯಿಂದ ಅವನು. ಅದೇ ವಿಡಿಯೋ ಮತ್ತೆ ಹೊರಟಿದೆಯಂತೆ. ಬೇರೆ ಯಾವುದೋ ಜಿಲ್ಲೆಯ ಹೆಸರು ಹಾಕಿ, ನಿನ್ನೆ ನಡೆದದ್ದು ಎಂದು ಬರೆದಿದ್ದಾರಂತೆ. ಮುಖ ಮಾತ್ರ ಅವನದೇ. ಮಗಳಿಗೆ ನಾಗಮಂಗಲದ ಕಡೆ ಗಂಡು ನಿಶ್ಚಯವಾಗಿತ್ತು, ಬೀಗರ ಫೋನಿಗೂ ಅದು ಹೋಗಿದೆ. ಲಗ್ನಪತ್ರಿಕೆ ಬರೆಸುವುದನ್ನು ಅವರು ನಿಲ್ಲಿಸಿದ್ದಾರೆ.

"ಆಚಾರ್ರಿದ್ದಿದ್ರೆ ಅವ್ರನ್ನ ಕರ್ಕೊಂಡು ಹೋಗಿರೋನು ಮೇಡಂ. ಈಗ ಬಂದು ನಿಜ ಯೋಳೋರು ಅಂತ ನೀವೊಬ್ರೇ ಉಳ್ದಿರೋದು" ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಗಮಂಗಲದ ಬಸ್ಸು ಹತ್ತಿದೆ. ಬೀಗರ ಮನೆಯಲ್ಲಿ ಹಿರಿಯರು ಕುರ್ಚಿ ಕೊಟ್ಟು, ನೀವು ಹುಡುಗಿಗೆ ಏನಾಗಬೇಕು ಎಂದು ಕೇಳಿದರು. "ಅವಳ ಟೀಚರು. ಅವಳಪ್ಪನ ಮೇಲೆ ಸುಳ್ಳು ಹಬ್ಬಿಸಿದವರಲ್ಲಿ ಒಬ್ಬಳು" ಎಂದೆ. ಈ ಸಲ ಸ್ವರ ನಡುಗಲಿಲ್ಲ. ಅರಗು, ತಕ್ಕಡಿ, ಗುಡಿ, ನಾನು ಬರೆದ ಆ ಸಾಲು, ಒಂದನ್ನೂ ಬಿಡದೆ ಹೇಳಿದೆ. ಅವರು, "ಇಷ್ಟು ವಯಸ್ಸಾದ ಮ್ಯಾಲೆ ಬಂದು ನಿಮ್ ಮರ್ವಾದಿ ನೀವೇ ಕಳ್ಕೊಬೇಕಾಗಿತ್ತಾ ತಾಯಿ?" ಎಂದರು.

"ಕಳ್ಕೊಂಡು ಆಗ್ಲೇ ಎಂಟೊಂಬತ್ತು ವರ್ಷ ಆಯ್ತು. ಆ ಮಗುವಿನದು ಉಳೀಲಿ" ಎಂದೆ.

ಮೊನ್ನೆ ಅವನು ಫೋನು ಮಾಡಿದ್ದ. ಲಗ್ನಪತ್ರಿಕೆ ಬರೆಸಿದರಂತೆ. ನನಗೆ ತಕ್ಷಣ ಗೋಡೆಯಾಚೆಗೆ ಕೂಗಿ ಹೇಳಬೇಕೆನ್ನಿಸಿತು, ಆಚಾರ್ರೇ, ಹೋಗಿ ಬಂದೆ, ಒಬ್ಬಳೇ ಹೋಗಿ ಬಂದೆ ಅಂತ... ಆಚೆ ಕೇಳುವವರು ಯಾರೂ ಇರಲಿಲ್ಲ.