ಕತ್ತರಿಸಿದ ಕೊನೆಯ ಪ್ಯಾರಾ

ಮಗುವಿನ ಕಿವಿಯಿಂದ ನೀರು, ಕೀವು ಅಥವಾ ರಕ್ತ ಬರುತ್ತಿದ್ದರೆ ಒಳಗೆ ಏನನ್ನೂ ಹಾಕಬೇಡಿ. ಎಣ್ಣೆಯಂತೂ ಬೇಡವೇ ಬೇಡ. ನೋವು ಕಡಿಮೆಯಾಯಿತೆಂದು ಸುಮ್ಮನಿರಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ.

ಈ ಮಾತುಗಳು ನನ್ನವಲ್ಲ. ಚಾಮರಾಜನಗರದ ಒಬ್ಬ ಹಿರಿಯ ಆಯುರ್ವೇದ ವೈದ್ಯೆ, ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಗೆ ಬರೆದುಕೊಟ್ಟದ್ದು. ಅವು ಅಚ್ಚಾಗಲಿಲ್ಲ. ಜಾಗ ಸಾಲದಾದಾಗ ಬರಹವನ್ನು ಕೆಳಗಿನಿಂದ ಕತ್ತರಿಸುವುದು ನಮ್ಮ ಕಸುಬಿನ ರೂಢಿ. ಅದಕ್ಕೇ ಇಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.

ಆಗ ಜಿಲ್ಲಾ ಪುಟಗಳ ಹೊಣೆ ನನ್ನದಾಗಿತ್ತು. ಪ್ರತಿ ಗುರುವಾರ ಈ ವೈದ್ಯೆಯ ಅಂಕಣ, ಮಕ್ಕಳ ಆರೋಗ್ಯದ ಬಗ್ಗೆ. ಅವರದು ಒಂದೇ ಹಟ: ಮಗುವನ್ನು ಇಡಿಯಾಗಿ ನೋಡಬೇಕು. ಪದೇ ಪದೇ ಶೀತವಾಗುವ ಮಗುವಿಗೆ ಔಷಧಿ ಬರೆಯುವ ಮೊದಲು, ಅದು ಮಲಗುವ ಕೋಣೆಗೆ ಸೌದೆ ಒಲೆಯ ಹೊಗೆ ಬರುತ್ತದೆಯೇ, ಅಪ್ಪ ಬೀಡಿ ಸೇದುತ್ತಾನೆಯೇ, ಬೆಳಿಗ್ಗೆ ಏನು ತಿಂದು ಶಾಲೆಗೆ ಹೋಗುತ್ತದೆ ಎಂದು ಕೇಳುತ್ತಿದ್ದರು. ತಿಂಗಳುಗಟ್ಟಲೆ ಹೊಟ್ಟೆನೋವು ಎನ್ನುತ್ತಿದ್ದ ಹರದನಹಳ್ಳಿ ಕಡೆಯ ಒಬ್ಬ ಹುಡುಗಿಯ ಕಾಯಿಲೆಯ ಮೂಲ ಹುಡುಕಿದವರು ಅವರೇ. ಅವಳ ಶಾಲೆಯ ಶೌಚಾಲಯಕ್ಕೆ ಬಾಗಿಲಿರಲಿಲ್ಲ, ಹುಡುಗಿ ಸಂಜೆಯತನಕ ತಡೆದುಕೊಂಡಿರುತ್ತಿದ್ದಳು. ಮನೆಮದ್ದನ್ನು ಅವರು ಹೀಗಳೆಯುತ್ತಿರಲಿಲ್ಲ. ಆದರೆ ಅದು ಎಲ್ಲಿಗೆ ನಿಲ್ಲಬೇಕು ಎಂಬ ಒಂದು ಪ್ಯಾರಾ ಪ್ರತಿ ಬರಹದ ಕೊನೆಗೂ ಇರುತ್ತಿತ್ತು. ವಾರ ವಾರ ಅದೇ ಧಾಟಿಯನ್ನು ತಿದ್ದಿ ತಿದ್ದಿ ನನಗೆ ಬೇಸರ ಬಂದಿತ್ತು.

ಕಿವಿನೋವಿನ ಬಗ್ಗೆ ಬರೆದ ವಾರ, ಸಂಜೆ ಪುಟ ಅಚ್ಚಿಗೆ ಕಳಿಸುವ ಹೊತ್ತಿಗೆ ಜಾಹೀರಾತು ಹೇಳಿದ್ದಕ್ಕಿಂತ ದೊಡ್ಡದಾಗಿ ಬಂತು. ಮಕ್ಕಳ ಹಸಿವು ಹೆಚ್ಚಿಸುವ ಟಾನಿಕ್ಕಿನ ಜಾಹೀರಾತು. ಪುಟ ಜೋಡಿಸುವ ಸಹೋದ್ಯೋಗಿ ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದರು: “ಒಂಬತ್ತು ಸಾಲು ಜಾಸ್ತಿ ಐತೆ ಸಾರ್. ಯಾವ್ದು ತೆಗೀಲಿ?”

“ಕೊನೇದು ತೆಗೀರಿ.”

“ಡಾಕ್ಟ್ರಮ್ಮ ಬೈತಾರೆ ನೋಡಿ.”

“ಕೊನೇತನಕ ಓದೋದು ಅವರೊಬ್ಬರೇ,” ಎಂದೆ. ಅವರು ನಕ್ಕರು. ನಾನೂ ನಕ್ಕೆ.

ಗುಗ್ಗೆ ಗಟ್ಟಿಯಾಗಿ ಕಿವಿ ನೋಯುತ್ತಿದ್ದರೆ ಉಗುರುಬೆಚ್ಚಗಿನ ಎಳ್ಳೆಣ್ಣೆ ಎರಡು ಹನಿ ಬಿಡಬಹುದು ಎಂಬಲ್ಲಿಗೆ ಲೇಖನ ಮುಗಿಯಿತು. ಮರುದಿನ ಬೆಳಿಗ್ಗೆಯೇ ವೈದ್ಯೆಯ ಫೋನ್ ಬಂತು.

“ನನ್ನ ಕೊನೇ ಪ್ಯಾರಾ ಎಲ್ಲಿ?”

“ಜಾಗ ಇರಲಿಲ್ಲ ಮೇಡಂ.”

“ಜಾಗ ಇಲ್ಲ ಅಂದ್ರೆ ಎಣ್ಣೆ ವಿಷಯಾನೂ ತೆಗೀಬೇಕಿತ್ತು. ಅದೊಂದನ್ನ ಇಟ್ಟು ಇದನ್ನ ಹೆಂಗೆ ತೆಗೆದ್ರಿ? ನಾಳೆನೇ ಹಾಕಿ.”

ಹಾಕುತ್ತೇನೆ ಎಂದೆ. ಹಾಕಲಿಲ್ಲ. ಓದುಗರಿಂದ ದೂರು ಬಂದರೆ ಮಾತ್ರ ತಿದ್ದುಪಡಿ ಹಾಕುವುದು ನಮ್ಮಲ್ಲಿದ್ದ ಪದ್ಧತಿ. ದೂರು ಬರಲಿಲ್ಲ.

ನನ್ನ ತಂಗಿ ಗುಂಡ್ಲುಪೇಟೆಯಲ್ಲಿದ್ದಾಳೆ. ಗಂಡನಿಗೆ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕೆಲಸ, ಮನೆಯಲ್ಲಿ ಅತ್ತೆ, ಆಗ ಐದು ವರ್ಷದ ಮಗಳು. ಅಣ್ಣ ಕೆಲಸ ಮಾಡುವ ಪತ್ರಿಕೆ ಎಂದು ಒಂದು ದಿನವೂ ಬಿಡದೆ ತರಿಸುತ್ತಿದ್ದಳು. ಗುರುವಾರದ ಅಂಕಣ ಕತ್ತರಿಸಿ, ಅಡುಗೆಮನೆಯ ಕಪಾಟಿನ ಬಾಗಿಲ ಒಳಮೈಗೆ ಅನ್ನದ ಅಗುಳಿನಲ್ಲಿ ಅಂಟಿಸುತ್ತಿದ್ದಳು. ಅಂಕಣ ಬಂದು ನಾಲ್ಕೈದು ದಿನವಾಗಿರಬಹುದು, ಫೋನ್ ಮಾಡಿದಳು.

“ಪಾಪುಗೆ ಎರಡು ದಿನದಿಂದ ಕಿವಿನೋವು ಕಣಣ್ಣ, ಒಂದೇ ಸಮ ಅಳು. ನಿನ್ ಪೇಪರ್ ನೋಡಿ ಎಣ್ಣೆ ಬುಟ್ಟೆ. ಈಗ ನೋವೇ ಇಲ್ಲ ಅಂತಾಳೆ.”

“ನೋಡಿದ್ಯಾ, ಪೇಪರ್ ಬರೀ ಬೋಂಡ ಕಟ್ಟೋಕಲ್ಲ,” ಎಂದೆ.

ಕಿವಿ ಸೋರುತ್ತಿದೆಯೇ ಎಂದು ಕೇಳಲಿಲ್ಲ. ದಿನವಿಡೀ ಅಧಿಕಾರಿಗಳಿಗೆ ಪ್ರಶ್ನೆ ಕೇಳುವುದೇ ಕೆಲಸವಾಗಿದ್ದ ನಾನು, ಆ ಒಂದು ಪ್ರಶ್ನೆ ಕೇಳದೆ ಫೋನ್ ಇಟ್ಟೆ. ಒಳಗೆ ಕೀವು ತುಂಬಿ ಕಿವಿಯ ಪರದೆ ಒಡೆದಾಗಲೂ ನೋವು ಹಾಗೆಯೇ ಇಳಿಯುತ್ತದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ದಿಂಬಿನ ಮೇಲೆ ಹಳದಿ ಕಲೆ ಬೀಳತೊಡಗಿದಾಗ ತಂಗಿಗೆ ಅನುಮಾನ ಬಂದಿತ್ತಂತೆ. ಅತ್ತೆ ಸಮಾಧಾನ ಹೇಳಿದರು: “ಒಳಗಿನ ಕೆಟ್ಟದ್ದೆಲ್ಲ ಈಚ್ಗೆ ಬತ್ತಾ ಅದ, ಬರ್ಲಿ ಬುಡವ್ವ. ಪೇಪರ್‌ನಲ್ಲೇ ಬರ್ದವ್ರೆ ಅಂತೀಯ, ಇನ್ನೇನು.” ಎಣ್ಣೆ ಬಿಡುವುದು ಮುಂದುವರಿಯಿತು. ವಾರಗಳು ಕಳೆದ ಮೇಲೆ, ಎಡಗಡೆಯಿಂದ ಕರೆದರೆ ಹುಡುಗಿ ತಿರುಗುವುದಿಲ್ಲ ಎಂದು ಶಾಲೆಯ ಟೀಚರ್ ಹೇಳಿ ಕಳಿಸಿದರು.

ಮೈಸೂರಿಗೆ ನಾನೇ ಕರೆದುಕೊಂಡು ಹೋದೆ. ಪರದೆಯಲ್ಲಿ ದೊಡ್ಡ ತೂತಾಗಿದೆ, ಸೋಂಕು ಒಳಗಿನ ಸಣ್ಣ ಮೂಳೆಗಳವರೆಗೂ ಹೋಗಿದೆ ಎಂದರು ಕಿವಿಯ ಡಾಕ್ಟರು. ಕಾರಿಡಾರಿನಲ್ಲಿ ಅವರನ್ನು ನಿಲ್ಲಿಸಿ, ಎಣ್ಣೆಯಿಂದಲೇ ಹೀಗಾಯಿತೇ ಎಂದು ಕೇಳಿದೆ. “ಎಣ್ಣೆಯಿಂದಲೇ ಅಂತ ಹೇಳೋಕಾಗಲ್ಲ. ಸೋರೋಕೆ ಶುರುವಾದ ದಿನ ಕರ್ಕೊಂಡು ಬಂದಿದ್ರೆ ಇಷ್ಟಾಗ್ತಿರಲಿಲ್ಲ, ಅಷ್ಟು ಹೇಳಬಲ್ಲೆ,” ಎಂದರು. ಈ ಉತ್ತರದ ಮೊದಲ ವಾಕ್ಯವನ್ನು ನಾನು ಬಹಳ ದಿನ ಹಿಡಿದುಕೊಂಡಿದ್ದೆ. ಎರಡನೆಯದನ್ನು ಯಾರಿಗೂ ಹೇಳಲಿಲ್ಲ. ಉಳಿಸಿಕೊಳ್ಳುವುದು ಯಾವುದು, ಬಿಡುವುದು ಯಾವುದು ಎಂದು ಕೈಗೆ ಅಭ್ಯಾಸವಾಗಿಬಿಟ್ಟಿತ್ತು.

ಆಪರೇಷನ್ ಆಯಿತು. ತೂತು ಮುಚ್ಚಿತು, ಸೋರುವುದು ನಿಂತಿತು. ಆ ಎಡಗಿವಿಗೆ ಕೇಳಿಸುವುದು ಮಾತ್ರ ವಾಪಸ್ಸು ಬರಲಿಲ್ಲ.

ಅದಾದ ಮೇಲೆ ಗುಂಡ್ಲುಪೇಟೆಗೆ ಹೋದಾಗಲೆಲ್ಲ ತಂಗಿ ಸಕ್ಕರೆ ಡಬ್ಬಿಗೆಂದು ಕಪಾಟು ತೆರೆಯುವಳು, ಬಾಗಿಲಿನಲ್ಲಿ ಆ ತುಂಡು ಕಾಣುವುದು. ಉಳಿದ ಅಂಕಣಗಳು ಬಿದ್ದುಹೋಗಿದ್ದವು, ಅದೊಂದು ಇತ್ತು. ಎರಡು ಹನಿ ಎಂಬಲ್ಲಿಗೆ ನಿಂತ ಲೇಖನ, ಕೆಳಗೆ ಟಾನಿಕ್ಕಿನ ಜಾಹೀರಾತಿನ ಮೇಲಂಚು, ಅದರಲ್ಲಿ ನಗುವ ಮಗುವಿನ ಅರ್ಧ ತಲೆ. ನಾನು ಕಾಫಿ ಕುಡಿದು ಬರುತ್ತಿದ್ದೆ. ಹೀಗೆ ಒಂದು ವರ್ಷ ಕಳೆಯಿತು.

ಕೊನೆಗೊಂದು ಭಾನುವಾರ ಮಧ್ಯಾಹ್ನ, ಅವಳು ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಹೇಳಿದೆ. ಪ್ಯಾರಾ ಇತ್ತು, ತೆಗೆಸಿದವನು ನಾನು, ವೈದ್ಯೆ ಕೇಳಿದರೂ ಹಾಕಲಿಲ್ಲ ಎಂದೆ. ಅವಳ ಕೈ ನಿಲ್ಲಲಿಲ್ಲ.

“ಗೊತ್ತು,” ಎಂದಳು.

“ಹೆಂಗೆ?”

“ಆಪ್ರೇಸನ್ ಆದ್ ತಿಂಗ್ಳೇ ಆ ಡಾಕ್ಟ್ರಮ್ಮನ ತಾವ್ಕೆ ಓಗಿದ್ದೆ, ಜಗಳ ಆಡನ ಅಂತ. ಆಯಮ್ಮ ತಾನು ಬರ್ದಿದ್ದ ಕಾಗ್ದದ ನಕಲು ತಂದು ಮುಂದಿಟ್ಟುಬುಡ್ತು. ನಿನ್ಗೆ ಫೋನ್ ಮಾಡಿ ಕೇಳಿದ್ದನ್ನೂ ಯೋಳ್ತು. ಓದ್ಕಂಡು ಎದ್ದು ಬಂದೆ.”

“ನನಗ್ಯಾಕೆ ಹೇಳಲಿಲ್ಲ?”

“ನೀನಾಗೇ ಯೋಳ್ತೀಯ ಅನ್ಕಂಡಿದ್ದೆ. ನೀ ಬಂದಾಗೆಲ್ಲ ನೋಡ್ಲಿ ಅಂತಲೇ ಆ ತುಂಡ ಕೀಳ್ಲಿಲ್ಲ. ಬಿದ್ದೋಯ್ತಾ ಇತ್ತು, ಎರಡ್ ಸಲ ಅಂಟಿಸ್ದೆ.” ಸಿಪ್ಪೆಗಳನ್ನು ಮೊರದ ಒಂದು ಮೂಲೆಗೆ ಒತ್ತರಿಸಿದಳು. “ಅತ್ತೆ ಓದು ಬರದವರು, ಅವರನ್ನ ಏನಂತ ಅನ್ನನ. ಓದ್ದವಳು ನಾನು. ಬರ್ಯವನು ನೀನು.”

“ಈಗ ಕಿತ್ತು ಹಾಕ್ಲಾ?”

“ಬೇಡ, ಇರ್ಲಿ ಬುಡು.”

ಅಷ್ಟರಲ್ಲಿ ಹುಡುಗಿ ಹೊರಗಿನಿಂದ ಬಂದು ನನ್ನ ಬಲಕ್ಕೆ ಕೂತಳು. ಕೂತವಳು ಎದ್ದು, ಹಿಂದಿನಿಂದ ಸುತ್ತಿ ಬಂದು, ತನ್ನ ಬಲಗಿವಿ ನನ್ನ ಕಡೆ ಬರುವ ಹಾಗೆ ಎಡಕ್ಕೆ ಕೂತಳು. ಯಾರೂ ಕಲಿಸಿದ್ದಲ್ಲ.

“ಏನ್ ಮಾತಾಡ್ತಿದ್ರಿ ಮಾವ? ಈಗ ಯೋಳಿ,” ಎಂದಳು.

ತಂಗಿ ನನ್ನ ಮುಖ ನೋಡಿದಳು. ನಾನು ಮೊರದಿಂದ ಒಂದು ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದೆ.