ಗೇಟಿನ ಹೊರಗೆ ಕೂತ ಮಾಲೀಕರು

ಆಗ ರಿಯಾದಿನಲ್ಲಿ ಹೆಂಗಸರನ್ನು ಸ್ಟೇಡಿಯಂ ಒಳಗೆ ಬಿಡುತ್ತಿರಲಿಲ್ಲ. ನನ್ನ ಟ್ಯಾಕ್ಸಿಯಲ್ಲಿದ್ದ ಥಾಯ್ ಸಾಹುಕಾರರು ಅಲ್ಲಿಯ ತಂಡದೆದುರು ಆಡಲು ಬಂದ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರು. ಗೇಟಿನಲ್ಲಿ ಪೊಲೀಸ್ ಅವರ ಪಕ್ಕ ಕೂತಿದ್ದ ಹೆಂಡತಿಯನ್ನು ನೋಡಿದ.

"ನೀವು ಹೋಗಿ. ಮೇಡಂ ಬೇಡ."

ಸಾಹುಕಾರರು ಕೂತಲ್ಲಿಂದ ಅಲುಗಾಡಲಿಲ್ಲ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಪೊಲೀಸ್ ಸಿಟ್ಟಿನಿಂದ ಆ ದೇಶದಲ್ಲಿರಲು ನನಗಿದ್ದ ಪರವಾನಗಿ, ಇಕಾಮಾ ಕಾರ್ಡು, ತೆಗೆದುಕೊಂಡು ಕಿಸೆಗೆ ಹಾಕಿದ. ಇನ್ನು ಊರಿಗೆ ಟಿಕೆಟೇ ಮಾರಾಯ ಅಂದುಕೊಂಡೆ.

"ಬದಿಗೆ ನಿಲ್ಲಿಸಿ ರೇಡಿಯೋ ಹಾಕು" ಅಂದರು ಸಾಹುಕಾರರು.

ಅರಬಿ ಕಾಮೆಂಟರಿಯನ್ನು ನಾನು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ.

ಆಟ ಮುಗಿದಾಗ ಅದೇ ಪೊಲೀಸ್ ಕಿಟಕಿಗೆ ಬಗ್ಗಿದ. ಗೇಟು ಬಿಟ್ಟು ಹೋಗಲು ಅವನಿಗೂ ಅಪ್ಪಣೆಯಿರಲಿಲ್ಲ.

"ಎಂತಾಯ್ತು?"

ನಾನು ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು: "ನೀವು ಸೋತಿರಿ."

ನನ್ನ ಇಕಾಮಾ ಇನ್ನೂ ಅವನ ಕಿಸೆಯಲ್ಲೇ ಇತ್ತು.